ಗೆಳೆತನ ಕಲಿಸಲು ಬಂದ ಬಾಯಾರು

ವಿಜಯಶ್ರೀ ಬಾಯಾರು ಹೊಸ ಊರಿಗೆ ಮೊದಲ ಸಲ ಬಂದ ದಿನ ಚಂಪಾಬಾಯಿ ತನ್ನ ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ ನಿಂತು, ಹಿಂದಿನ ಸಾಲುಗಳನ್ನೆಲ್ಲ ದಾಟಿ ಕೇಳುವ ಹಾಗೆ ಒದರುತ್ತಿದ್ದಳು.

"ಏ ಐದು ಗಂಡ್ರಾಕೀ! ನನ್ನ ಮೊರ ಒಯ್ದು ನುಂಗಿ ಕುಂತೀದೇನ?"

ನಾಲ್ಕನೆಯ ಸಾಲಿನ ತುದಿಯ ಮನೆಯಿಂದ ಅಷ್ಟೇ ದೊಡ್ಡ ದನಿಯಲ್ಲಿ ಉತ್ತರ ಬಂತು.

"ಒದರಬ್ಯಾಡ ಮುಂಡೀ! ನಿನ್ನ ಮೊರದಾಗ ಕಾಳಿಗಿಂತ ತೂತೇ ಬಾಳ ಅವ. ಮೆಂತ್ಯ ಅರದು ಬಳೀಲತ್ತೀನಿ, ಜರಾ ತಡಕೋ!"

ಬಾಯಾರು ಆಗಷ್ಟೇ ನಿಲಂಗಾದ ಎಸ್‌ಟಿ ಬಸ್ಸಿನಿಂದ ಇಳಿದಿದ್ದರು. ಬಗಲಲ್ಲಿ ಚೀಲ, ಕಾಲಲ್ಲಿ ಹೊಸ ಚಪ್ಪಲಿ. ಕುಂಕುಮವಿಲ್ಲದ ಹಣೆಯ ಮುದುಕಿಯೊಬ್ಬಳಿಗೆ ಊರ ನಡುವೆ ಹಾಡಹಗಲೇ ಆ ಶಬ್ದ ಬಂದು ಬಿದ್ದದ್ದನ್ನು ಕೇಳಿ ಅವರು ಬೆಚ್ಚಿದರು. ಚೀಲವನ್ನು ಬೇವಿನ ಸಸಿಯ ಬುಡದಲ್ಲಿ ಒಗೆದು ಓಡಿಬಂದವರೇ, ಸಾಲುಗಳ ನಡುವೆ ಎರಡೂ ಕೈ ಚಾಚಿ ನಿಂತರು.

"ಬಿಡ್ರಿ, ಬಿಡ್ರಿ! ಜಗಳ ಬ್ಯಾಡ್ರಿ. ಏನಾಗ್ಯಾದ, ನನ್ನ ಮುಂದ ಹೇಳ್ರಿ."

ಚಂಪಾಬಾಯಿ ಹಿಂದೆ ತಿರುಗಿ ನೋಡಿದಳು. ಊರಲ್ಲಿ ಜಗಳವಾದರೆ ಅವಳಿಗೂ ನೋಡಲು ಬೇಕಾಗಿತ್ತು.

"ಎಲ್ಲಿ ಹತ್ಯಾದ್ರಿ ಜಗಳ?"

"ನಿಮ್ಮದೇ ಅಲ್ಲೇನ್ರಿ ಮತ್ತ?"

"ನಮ್ಮದಾ? ನಾವು ಮಾತಾಡ್ಲತ್ತೀವ್ರಿ ಯವ್ವಾ."

ಬಾಯಾರು ನಂಬಲಿಲ್ಲ. ನೊಂದವರು ನೋವನ್ನು ಮೊದಲಿಗೆ ಹೀಗೆಯೇ ಮುಚ್ಚಿಡುತ್ತಾರೆಂದು ಅವರಿಗೆ ಪುಣೆಯಲ್ಲಿ ಕಲಿಸಿ ಕಳಿಸಿದ್ದರು. ಈ ಊರಲ್ಲಿ ತನ್ನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಈ ಇಬ್ಬರಿಗೇ ಎಂದು ಅವರು ಅಲ್ಲಿಯೇ, ಕೈ ಚಾಚಿ ನಿಂತಲ್ಲಿಯೇ ನಿಶ್ಚಯಿಸಿದರು.

ಮುಂಡಿ ಎಂದರೆ ಗಂಡ ಸತ್ತವಳು. ಯಾವ ಹೆಂಗಸಿಗೂ ಅನ್ನಬಾರದ ಮಾತು. ಅನ್ನಬಾರದ ಮಾತಾದ್ದರಿಂದಲೇ ಆ ಕಡೆಯ ಹೆಂಗಸರು ಪ್ರೀತಿ ಉಕ್ಕಿದಾಗ ಒಬ್ಬರಿಗೊಬ್ಬರು ಅದನ್ನು ಅನ್ನುತ್ತಾರೆ. ಚಂಪಾಬಾಯಿ ಆಳಂದದ ಕಡೆಯ ಹುಡುಗಿ, ದ್ರೌಪದಿ ಬಸವಕಲ್ಯಾಣದ ಕಡೆಯವಳು. ಇಬ್ಬರೂ ಗಡಿಯಾಚೆಯ ಹಳೆಯ ಊರಿಗೆ ಒಂದೇ ಗೋಡೆಯ ಎರಡು ಮಗ್ಗುಲಿಗೆ ಸೊಸೆಯರಾಗಿ ಬಂದರು. ಸುತ್ತೆಲ್ಲ ಮರಾಠಿ ಮಾತು. ತವರಿನ ಬೈಗುಳ ಬೈಯಲು ಒಬ್ಬಳಿಗೆ ಇನ್ನೊಬ್ಬಳೇ ಗತಿ. ಚಂಪಾಬಾಯಿಯ ಗಂಡ ನಾಗನಾಥ ಅಂಗಳದಲ್ಲಿ ಗುಂಡುಕಲ್ಲಿನ ಹಾಗೆ ಕೂತು ಹಗ್ಗ ಹೊಸೆಯುತ್ತಿರುವಾಗಲೇ ದ್ರೌಪದಿ ಗೋಡೆಯ ಮೇಲಿಂದ ತಲೆ ಹಾಕಿ, "ಏ ಮುಂಡೀ, ಜರಾ ಹೆಪ್ಪು ಕೊಡು" ಅನ್ನುವಳು.

"ನಾ ಇನ್ನಾ ಜೀವಂತ ಇದ್ದೀನಿ, ಯವ್ವಾ," ಎಂದು ನಾಗನಾಥ ನೆನಪು ಮಾಡಿಕೊಡುವನು.

"ನಿನಗ ಯಾರು ಕೇಳ್ಯಾರ? ನೀ ಹಗ್ಗ ಹೊಸಿ."

ಚಂಪಾಬಾಯಿಯೂ ಬಿಟ್ಟವಳಲ್ಲ. ದ್ರೌಪದಿ ಎಂಬ ಹೆಸರಿಟ್ಟುಕೊಂಡು ಬಂದವಳಿಗೆ ಬೈಗುಳ ಹುಡುಕುವ ಕಷ್ಟವೇ ಇರಲಿಲ್ಲ. ಐದು ಗಂಡರಾಕಿ ಎಂದು ಮೊದಲ ದಿನವೇ ಹೆಸರಿಟ್ಟಳು. ಇದ್ದ ಒಬ್ಬ ಗಂಡ ವೀರಭದ್ರ, ಐವರಲ್ಲಿ ತಾನು ಎಷ್ಟನೆಯವನು ಎಂದು ಆಗಾಗ ಕೇಳಿ ನಗುತ್ತಿದ್ದ.

ಆಮೇಲೆ ಭೂಕಂಪವಾಯಿತು. ಗಣಪತಿಯನ್ನು ಕಳಿಸಿ ದಣಿದು ಮಲಗಿದ ಊರು ಬೆಳಗಾಗುವ ಮುಂಚೆ ಕಲ್ಲುಮಣ್ಣಿನ ಗುಡ್ಡೆಯಾಗಿತ್ತು. ಹೆಪ್ಪು ಇಸಿದುಕೊಳ್ಳುತ್ತಿದ್ದ ಅದೇ ಗೋಡೆ ನಾಗನಾಥನ ಮೇಲೆ ಬಿತ್ತು. ಉಳಿದವರೆಲ್ಲ ಚಂಪಾಬಾಯಿಯ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದರು. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಆ ಶಬ್ದವಂತೂ ಅವಳ ಹತ್ತಿರ ಸುಳಿಯದಂತೆ ಊರಿಗೆ ಊರೇ ಕಾವಲು ಕಾಯಿತು. ತಗಡಿನ ಶೆಡ್ಡುಗಳಲ್ಲಿದ್ದಾಗ ಒಂದು ಬೆಳಗ್ಗೆ, ನೀರಿನ ಟ್ಯಾಂಕರಿನ ಪಾಳಿಯಲ್ಲಿ ದ್ರೌಪದಿ ಹಿಂದಿನಿಂದ ಕೊಡದಲ್ಲಿ ಅವಳ ಬೆನ್ನಿಗೆ ತಿವಿದು, "ಸರಿ ಮುಂಡೀ, ನಿಂತೇ ನಿದ್ದಿ ಮಾಡ್ತಿಯೇನು?" ಅಂದುಬಿಟ್ಟಳು. ಪಾಳಿಯ ಹೆಂಗಸರೆಲ್ಲ ಇತ್ತ ತಿರುಗಿದರು. ದ್ರೌಪದಿ ನಾಲಗೆ ಕಚ್ಚಿಕೊಂಡಳು. ಚಂಪಾಬಾಯಿ ನಿಧಾನವಾಗಿ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಐದು ಮಂದಿ ಗಂಡ್ರು ಇದ್ದಾರ, ಒಬ್ಬಂವರೆ ನೀರಿಗಿ ಬರಂಗಿಲ್ಲೇನು?"

ಅವತ್ತು ಮಧ್ಯಾಹ್ನ ಚಂಪಾಬಾಯಿ ಹೊಟ್ಟೆ ತುಂಬ ರೊಟ್ಟಿ ತಿಂದಳು. ಇಡೀ ಊರಲ್ಲಿ ಬೀಳದೆ ಉಳಿದದ್ದು ಆ ಒಂದು ಶಬ್ದ ಎಂದು ಅವಳಿಗೆ ಅನ್ನಿಸಿತ್ತು.

ಹೊಸ ಊರಲ್ಲಿ ಸರಕಾರ ಹೊಲ ನೋಡಿ ಮನೆ ಹಂಚಿತು. ಹೊಲ ಹೆಚ್ಚಿದ್ದ ದ್ರೌಪದಿಯ ಮನೆಯವರಿಗೆ ನಾಲ್ಕನೆಯ ಸಾಲಿನ ದೊಡ್ಡ ಮನೆ, ಚಂಪಾಬಾಯಿಗೆ ಮೊದಲ ಸಾಲಿನ ಸಣ್ಣದು. ನಡುವೆ ಇದ್ದ ಒಂದು ಗೋಡೆ ಹೋಗಿ ಎರಡು ಸಾಲು ಮನೆ ಬಂದವು. ಅದಕ್ಕೇನು, ಇಬ್ಬರೂ ದನಿ ಏರಿಸಿಕೊಂಡರು.

ಇದೆಲ್ಲ ಬಾಯಾರಿಗೆ ಹೇಗೆ ತಿಳಿಯಬೇಕು? ಅವರದು ಉದಗೀರ. ತಂದೆ ರೈಲ್ವೆ ಸ್ಟೇಷನ್ನಿನಲ್ಲಿ ಮಾಲಿನ ಮೂಟೆಗಳಿಗೆ ಚೀಟಿ ಹಚ್ಚುವ ಕೆಲಸದಲ್ಲಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಎರಡರಲ್ಲೂ ಬೈಗುಳ ಇಲ್ಲ. ಓಣಿಯ ಹುಡುಗಿಯರ ಬಾಯಿ ಹೊಲಸು ಎಂದು ತಾಯಿ ಮಗಳನ್ನು ಹೊರಗೆ ಬಿಡಲಿಲ್ಲ. ಹುಡುಗಿ ಕಿಟಕಿಯ ಸರಳು ಹಿಡಿದು ನಿಂತು ಅವರ ಕುಂಟಾಬಿಲ್ಲೆ ನೋಡಿತು, ಯಾರು ಗೆರೆ ತುಳಿದರು ಎಂಬುದನ್ನು ಅಲ್ಲಿಂದಲೇ ಕೂಗಿ ಹೇಳಿತು. ಅದರಿಂದ ಗೆಳತಿಯರೇನೂ ಹೆಚ್ಚಾಗಲಿಲ್ಲ. ಶಾಲೆಯಲ್ಲಿ ಮಾನಿಟರ್ ಮಾಡಿದರು. ಮಾನಿಟರಿಗೆ ಬೋರ್ಡಿನ ಮೇಲೆ ಹೆಸರು ಬರೆಯುವ ಅಧಿಕಾರವಿರುತ್ತದೆ, ಬುತ್ತಿ ಹಂಚಿಕೊಳ್ಳುವವರು ಇರುವುದಿಲ್ಲ. ಕಾಲೇಜು ಮುಗಿದ ಮೇಲೆ ನಿಲಂಗಾದ ಕೋರ್ಟಿನಲ್ಲಿ ಕಾರಕೂನರಾಗಿದ್ದ ಗುರುಶಾಂತ ಅವರೊಡನೆ ಮದುವೆಯಾಯಿತು. ಅವರೂ ಅಷ್ಟೇ ಸಭ್ಯರು. ಆ ಮನೆಯಲ್ಲಿ ಒಂದು ಲೋಟ ಕೈಜಾರಿದರೆ ಗಂಡಹೆಂಡತಿ ಇಬ್ಬರೂ ಒಂದೇ ಉಸಿರಿಗೆ, "ತಪ್ಪು ನಂದೇರಿ" ಅನ್ನುತ್ತಿದ್ದರು. ಲೋಟ ಜಾರಿದ್ದು ಯಾರ ಕೈಯಿಂದ ಎಂದು ಕೊನೆಗೂ ತೀರ್ಮಾನವಾಗುತ್ತಿರಲಿಲ್ಲ.

ಭೂಕಂಪವಾದ ಮೇಲೆ ಪುಣೆಯ ಒಂದು ಸಂಸ್ಥೆ ಆ ಕಡೆಗೆ ಬಂತು. ಮೊದಲು ಕಂಬಳಿ ಹಂಚಿತು, ಆಮೇಲೆ ಪಾತ್ರೆ, ಆಮೇಲೆ ಹೊಲಿಗೆಯಂತ್ರ. ಹಂಚುವುದೆಲ್ಲ ಮುಗಿದ ಮೇಲೂ ಜನ ಹೊಸ ಮನೆಗಳ ಮುಂದೆ ಸುಮ್ಮನೆ ಕೂತಿರುವುದು ಕಂಡಿತು. ಹಳೆಯ ನೆರೆಹೊರೆ ಚದುರಿದೆ, ಇವರಿಗೆ ಇನ್ನು ಗೆಳೆತನ ಹಂಚಬೇಕು ಎಂದು ಸಂಸ್ಥೆ ಗೊತ್ತುಮಾಡಿತು. ಎರಡೂ ಭಾಷೆ ಬಲ್ಲ, ಸಮಯಕ್ಕೆ ಸರಿಯಾಗಿ ಬರುವ, ಯಾರನ್ನೂ ನೋಯಿಸದ ಹೆಂಗಸು ಬೇಕಾಗಿತ್ತು. ಗಟ್ಟಿಯಾದ, ಆರೋಗ್ಯವಂತ ಗೆಳೆತನ ಕಟ್ಟುವುದು ಹೇಗೆ ಎಂಬುದನ್ನು ವಿಜಯಶ್ರೀ ಬಾಯಾರು ಪುಣೆಗೆ ಹೋಗಿ ಎಲ್ಲರಿಗಿಂತ ಚೆನ್ನಾಗಿ ಕಲಿತು ಬಂದರು. ಅವರಿಗೆ ಅಡ್ಡಿಪಡಿಸುವ ಹಳೆಯ ಅನುಭವ ಒಂದೂ ಇರಲಿಲ್ಲ.

ಆದರೆ ಒಂದು ಮಾತು ಹೇಳಬೇಕು. ಬಾಯಾರು ಕೆಲಸವನ್ನು ಮನಸ್ಸಿಟ್ಟು ಮಾಡಿದರು. ಯಾರ ಮಗುವಿಗೆ ಜ್ವರ, ಯಾರ ಸೊಸೆ ತವರಿಗೆ ಹೋಗಿ ತಿರುಗಿ ಬಂದಿಲ್ಲ, ಎಲ್ಲ ಅವರ ನೆನಪಿನಲ್ಲಿರುತ್ತಿತ್ತು. ಸಮಾಜಮಂದಿರದಲ್ಲಿ ಚಾಪೆ ಹಾಸಿ, ಎರಡು ಕೈ ಕೂಡಿಸಿದ ಚಿತ್ರ ತೂಗುಹಾಕಿ, ಹೆಂಗಸರನ್ನು ಗುಂಡಗೆ ಕೂಡಿಸಿ ಅವರು ವರ್ಗ ತೆಗೆದುಕೊಳ್ಳುವರು.

"ಗೆಳತಿ ಏನರೆ ತಂದು ಕೊಟ್ಟರ ನಾವು ಏನಂಬೇಕ್ರಿ?"

"ಇಷ್ಟೇ ಏನು ಅಂಬೇಕ್ರಿ," ಎಂದಳು ಕಸ್ತೂರಬಾಯಿ. ಊರಿನ ಬಾಯಿಗೆ ಎಂದೂ ಬೀಗ ಬೀಳದಂತೆ ನೋಡಿಕೊಳ್ಳುತ್ತಿದ್ದವಳು ಅವಳು.

"ಅಲ್ರಿ ಕಸ್ತೂರಬಾಯಿ. ಧನ್ಯವಾದ ಅಂಬೇಕು."

"ಅಂದ ಮ್ಯಾಲ ಆಕಿ ಎದ್ದು ಹೋಗ್ತಾಳಲ್ರಿ?"

ಹೆಂಗಸರೆಲ್ಲ ನಕ್ಕರು. ಬಾಯಾರೂ ನಕ್ಕು, ನಗು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿ, ಚಪ್ಪಾಳೆ ತಟ್ಟಿಸಿ ಮುಂದಿನ ಪಾಠಕ್ಕೆ ಹೋದರು. ಅಡ್ಡಹೆಸರಿನಿಂದ ಕರೆಯಬಾರದು. ಕೇಳದೆ ತಗೊಳ್ಳಬಾರದು. ಒಬ್ಬರಿಗೊಬ್ಬರು ರೀ ಹಚ್ಚಿ ಮಾತಾಡಬೇಕು, ಮರ್ಯಾದೆಯ ಮೇಲೆ ನಿಂತ ಗೆಳೆತನಕ್ಕೆ ಯಾವ ಭೂಕಂಪವೂ ಏನೂ ಮಾಡಲಾರದು. ಈ ಕೊನೆಯ ಮಾತು ಮುಗಿಯುವಾಗ ಬಾಯಾರ ಕಣ್ಣು ಪ್ರತಿ ಸಲವೂ ಚಂಪಾಬಾಯಿಯ ಮೇಲೆ ನಿಲ್ಲುತ್ತಿತ್ತು.

ಒಂದು ದಿನ ವರ್ಗ ಬಿಟ್ಟ ಮೇಲೆ ಅವರು ದ್ರೌಪದಿಯನ್ನು ಒಬ್ಬಳನ್ನೇ ಬೇವಿನ ಸಸಿಯ ಹತ್ತಿರ ಕರೆದೊಯ್ದರು. "ನೀವು ಅಂಬೋ ಆ ಶಬ್ದ, ಚಂಪಾಬಾಯಿಯವರಿಗಿ ಎಷ್ಟು ನೋವು ಕೊಡ್ತದ ನಿಮಗ ಗೊತ್ತದೇನ್ರಿ? ಮ್ಯಾಲೆ ನಗ್ತಾರ, ಒಳಗ ಅಳ್ತಾರ. ನಾ ಹೇಳೀನಂತ ಹೇಳಬ್ಯಾಡ್ರಿ." ಮತ್ತೊಂದು ದಿನ ಚಂಪಾಬಾಯಿಯನ್ನು ಒಬ್ಬಳನ್ನೇ ಕೂಡಿಸಿಕೊಂಡರು. "ಐದು ಗಂಡರು ಅಂತ ಅಂದರ ದ್ರೌಪದಿಬಾಯಿಯವರ ಮಾನ ಏನಾಗಬೇಕ್ರಿ? ವೀರಭದ್ರಪ್ಪನವರು ಏನಂತ ತಿಳಕೋಬೇಕು? ಆಕಿ ನಿಮ್ಮ ಮುಂದ ಹೇಳಂಗಿಲ್ಲ, ಅಷ್ಟೇ. ನಾ ಹೇಳೀನಂತ ಹೇಳಬ್ಯಾಡ್ರಿ."

ಇಬ್ಬರೂ ಹೇಳಲಿಲ್ಲ. ಬಾಯಾರು ಕಲಿಸಿದ್ದರಲ್ಲಿ ಇದೊಂದನ್ನು ಇಬ್ಬರೂ ತಪ್ಪದೆ ಪಾಲಿಸಿದರು. ನನ್ನ ಮುಂದೆ ಆಡದೆ ಬಾಯಾರ ಮುಂದೆ ಹೋಗಿ ಆಡಿದ್ದಾಳಲ್ಲ ಎಂದು ಒಬ್ಬೊಬ್ಬಳೂ ಇನ್ನೊಬ್ಬಳ ಬಗ್ಗೆ ಅಂದುಕೊಂಡು ತನ್ನ ಮನೆಗೆ ಹೋದಳು.

ಮರುದಿನ ದ್ರೌಪದಿ ಜರಡಿ ತಿರುಗಿ ಕೊಡಲು ಬಂದಳು. ಹೊಸಿಲ ಹೊರಗೆ ನಿಂತಳು. ಸೆರಗು ತಲೆಯ ಮೇಲಿತ್ತು.

"ಚಂಪಾಬಾಯಿಯವರ, ನಿಮ್ಮ ಜರಡಿ ತಂದೀನ್ರಿ. ಧನ್ಯವಾದ."

ಗಂಡ ಸತ್ತು ಮೂರು ವರ್ಷ ಕಳೆದ ಮೇಲೆ ಚಂಪಾಬಾಯಿ ಅವತ್ತು ವಿಧವೆಯಾದಳು.

"ಇರ್ಲಿ ಬಿಡ್ರಿ, ದ್ರೌಪದಿಬಾಯಿಯವರ," ಎಂದಳು. ಮರ್ಯಾದೆಯಿಂದ ಆಡಬಹುದಾದ ಮಾತು ಅವರ ಹತ್ತಿರ ಅಷ್ಟೇ ಇತ್ತು.

ಆಮೇಲೆ ಸಾಲುಗಳನ್ನು ದಾಟಿ ಬರುತ್ತಿದ್ದ ಕೂಗು ನಿಂತಿತು. ಕೇಳಿ ತಗೊಂಡರೆ ಧನ್ಯವಾದ ಹೇಳಬೇಕು, ಹೇಳುವುದಕ್ಕಿಂತ ತಗೊಳ್ಳದಿರುವುದೇ ಹಗುರವೆಂದು ಇಬ್ಬರೂ ತಂತಮ್ಮ ಮೊರ, ತಂತಮ್ಮ ಜರಡಿ ಮಾಡಿಕೊಂಡರು. ದಾರಿಯಲ್ಲಿ ಎದುರಾದರೆ ಕೈ ಜೋಡಿಸುವರು. ಬಾಯಾರು ಇದನ್ನು ನೋಡಿ ಕಣ್ಣು ಒರೆಸಿಕೊಂಡರು. ವರ್ಷದ ಕೊನೆಗೆ ಸಂಸ್ಥೆಯವರು ಆದರ್ಶ ಗೆಳತಿಯರ ಬಹುಮಾನವನ್ನು ಚಂಪಾಬಾಯಿ ಮತ್ತು ದ್ರೌಪದಿಗೆ ಕೊಟ್ಟರು. ಬಹುಮಾನವೆಂದರೆ ಒಂದು ಗೋಡೆ ಗಡಿಯಾರ. ಇಬ್ಬರಿಗೂ ಸೇರಿ ಒಂದೇ.

"ನಿಮ್ಮ ಮನ್ಯಾಗ ಇರ್ಲಿರಿ, ದ್ರೌಪದಿಬಾಯಿಯವರ."

"ಛೇ ಛೇ, ನೀವು ದೊಡ್ಡವರು. ನಿಮ್ಮ ಮನ್ಯಾಗೇ ಇರ್ಲಿರಿ."

ಹೀಗೆ ಸ್ವಲ್ಪ ಹೊತ್ತು ನಡೆದ ಮೇಲೆ ಗಡಿಯಾರವನ್ನು ಅಂಗನವಾಡಿಯ ಗೋಡೆಗೆ ತೂಗುಹಾಕಿದರು. ಅಲ್ಲಿನ ಮಕ್ಕಳಲ್ಲಿ ಗಂಟೆ ನೋಡಬಲ್ಲವರು ಯಾರೂ ಇರಲಿಲ್ಲ.

ಚಂಪಾಬಾಯಿ ಆತುರದ ಹೆಂಗಸಲ್ಲ. ರುಜು ಮಾಡಲು ಕಲಿತಾಗ ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿನ ಕಲ್ಲು ಆರಿಸಿದಂತೆ ಬೇರೆ ಬೇರೆ ಮಾಡಿ ಕಲಿತವಳು. ಈ ವಿಷಯವನ್ನೂ ಹಾಗೆಯೇ ಕೂತು ಯೋಚಿಸಿದಳು. ಅವಳಿಗೆ ಆ ಶಬ್ದ ತಿರುಗಿ ಬೇಕಾಗಿತ್ತು. ದ್ರೌಪದಿಯ ಬಾಯಿಂದಲೇ ಬೇಕಾಗಿತ್ತು. ಹೋಗಿ ಕೇಳುವುದು ಮಾತ್ರ ಆಗದು. ಕೇಳಿ ಬೈಸಿಕೊಂಡರೆ ಅದು ಬೈಗುಳವಲ್ಲ, ಭಿಕ್ಷೆ. ತಾನಾಗಿ ಬರಬೇಕು. ತಾನಾಗಿ ಬರುವಂತೆ ಮಾಡಲು ಅವಳ ಹತ್ತಿರ ಒಂದು ಆಡು ಇತ್ತು.

ಮೊದಲ ಸಲ ದ್ರೌಪದಿ ಹೊರಸಿನ ಮೇಲೆ ಶಾವಿಗೆ ಒಣಹಾಕಿದ್ದಳು. ಚಂಪಾಬಾಯಿ ಆಡನ್ನು ನಾಲ್ಕನೆಯ ಸಾಲಿನವರೆಗೆ ನಡೆಸಿಕೊಂಡು ಹೋಗಿ, ಹಗ್ಗ ಬಿಚ್ಚಿ, ಬಾಗಿಲ ಕಂಬಕ್ಕೆ ಒರಗಿ ಕಾದಳು. ಆಡು ತನ್ನ ಕೆಲಸ ಮಾಡಿತು. ದ್ರೌಪದಿ ಹೊರಗೆ ಬಂದಳು, ಹೊರಸು ನೋಡಿದಳು, ಮುಖ ಕೆಂಪಾಯಿತು.

"ಇರ್ಲಿ ಬಿಡ್ರಿ," ಎಂದಳು ದ್ರೌಪದಿ. "ಮೂಕ ಪ್ರಾಣಿ. ಅದಕ್ಕೇನು ತಿಳೀತದ."

ಚಂಪಾಬಾಯಿ ಆಡನ್ನು ಎಳೆದುಕೊಂಡು ಮನೆಗೆ ಬಂದು ಅದನ್ನೇ ಬೈದಳು. ಆ ದಿನಗಳಲ್ಲಿ ಅವಳ ಪ್ರೀತಿಯ ಮಾತೆಲ್ಲ ಆಡಿನ ಪಾಲಾಗಿತ್ತು, ಅದು ಮೈತುಂಬಿಕೊಂಡು ಬೆಳೆಯಿತು.

ಎರಡನೆಯ ಸಲ, ಪುಣೆಯ ದೊಡ್ಡವರು ಆದರ್ಶ ಗೆಳತಿಯರ ಫೋಟೋ ತೆಗೆಯಲು ಬರುವ ದಿನವಾಗಿತ್ತು. ದ್ರೌಪದಿ ತಮ್ಮ ಕೊಡಿಸಿದ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ವಾಸನೆ ಹೋಗಲೆಂದು ತಂತಿಯ ಮೇಲೆ ಹರವಿ, ಒಳಗೆ ಹೆಳಲು ಹಾಕಿಕೊಳ್ಳುತ್ತಿದ್ದಳು. ಚಂಪಾಬಾಯಿ ಸೀರೆಯನ್ನು ನೋಡಿದಳು. ಒಳ್ಳೆಯ ಸೀರೆ. ಒಂದು ಗಳಿಗೆ ಮನಸ್ಸು ಹಿಂದೆ ಮುಂದೆ ಆಯಿತು. ಆಮೇಲೆ ಹಗ್ಗ ಬಿಚ್ಚಿದಳು.

ದ್ರೌಪದಿ ಅರ್ಧ ಹೆಳಲು ಹಿಡಿದುಕೊಂಡೇ ಹೊರಗೆ ಬಂದಾಗ ಆಡು ಸೆರಗಿನ ಅರ್ಧ ಭಾಗವನ್ನು ಬಾಯಲ್ಲಿ ಮಡಚುತ್ತಿತ್ತು. ಆಡನ್ನು ನೋಡಿದಳು. ಚಂಪಾಬಾಯಿಯ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು.

"ಇರ್ಲಿ..." ಎಂದಳು. "ಇರ್ಲಿ ಬಿ..." ಬಿಡ್ರಿ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತು. ಅದನ್ನು ಪಕ್ಕಕ್ಕೆ ತಳ್ಳಿಕೊಂಡು, ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದುದು ಒಂದೇ ಸಲ ಹೊರಬಂತು.

"ಏ ಮುಂಡೀ! ನಿನ್ನ ಹಾಟ್ಯಾ ಮುಂಡೀ! ಕೈಯಾಗ ಹಗ್ಗ ಹಿಡಕೊಂಡು ನಿಂತು ನೋಡ್ಲತ್ತೀದೇನ? ನನ್ನ ತಮ್ಮ ತಂದ ಸೀರಿ ಬೇ ಅದು! ನಿನ್ನ ಆಡು ಬಾವ್ಯಾಗ ಬೀಳ್ಲಿ, ಅದರ ಬಾಲ ಹಿಡಕೊಂಡು ನೀ ಬೀಳು!"

ಚಂಪಾಬಾಯಿ ಅಲ್ಲಿಯೇ ನೆಲಕ್ಕೆ ಕುಕ್ಕರಿಸಿದಳು.

"ಐದು ಮಂದಿ ಇದ್ದಾರ ತಗೋ. ಒಬ್ಬಂವ ಹೊಸ ಸೀರಿ ತರ್ತಾನ," ಎಂದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

ದ್ರೌಪದಿ ಗಾಬರಿಯಾದಳು. "ಅಳ್ತೀಯೇನು? ಮತ್ತ ಬಾಯಾರು ಅಂದಿದ್ದು ಖರೇನಾ? ಈ ಮಾತಿಗಿ ನೀ ಒಳಗೊಳಗ ಅಳ್ತಿ ಅಂತ?"

"ಬಾಯಾರು ಅಂದ್ರಾ? ನೀ ಅಲ್ಲ ಹೋಗಿ ಚಾಡಿ ಹೇಳ್ದಾಕಿ, ನಾ ನಿನ್ನ ಮಾನ ಕಳೀತೀನಿ ಅಂತ?"

"ನನ್ನ ಮಾನಾ? ಇತ್ತೇನು ಅದು, ನಿನ್ನ ಮಗ್ಗಲಿಗಿ ಬಂದ ಮ್ಯಾಲ?"

"ಹುಚ್ಚಿ! ನೀ ಅಂಬೋದು ಬಿಟ್ಟೀದಲ್ಲ, ಅದಕ್ಕ ಅತ್ತೀನಿ."

ಅಷ್ಟರಲ್ಲಿ ಬಾಯಾರು ಓಡಿಬಂದರು. ಜೀಪಿನ ಹತ್ತಿರ ನಿಂತಿದ್ದ ಪುಣೆಯವರಿಗೆ ಕೂಗು ಕೇಳಿ, ಅವರೂ ಹಿಂದೆ ಬಂದರು. ಬಾಯಾರು ಮೊದಲ ದಿನದ ಹಾಗೆಯೇ ಇಬ್ಬರ ನಡುವೆ ಕೈ ಚಾಚಿ ನಿಂತು, "ಬಿಡ್ರಿ, ಬಿಡ್ರಿ" ಎನ್ನುತ್ತಿರುವಾಗ ದ್ರೌಪದಿ ಅವರ ಚಾಚಿದ ಕೈಯ ಕೆಳಗಿಂದ ನುಸುಳಿ ಹೋಗಿ, ಚಂಪಾಬಾಯಿಯ ಪಕ್ಕದಲ್ಲಿ ಮಣ್ಣಿನಲ್ಲಿ ಕೂತು, ಅವಳ ಸೆರಗಿನಿಂದಲೇ ಅವಳ ಮೂಗು ಒರೆಸಿದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಬಾಯಾರ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ.

ಪುಣೆಯವರು ಇದನ್ನೆಲ್ಲ ನೋಡಿ, ಇಲ್ಲಿ ಇನ್ನೂ ಬಹಳ ಕೆಲಸ ಬಾಕಿ ಇದೆ ಎಂದು ತೀರ್ಮಾನಿಸಿದರು. ಬಾಯಾರ ವರ್ಗವನ್ನು ಇನ್ನೊಂದು ವರ್ಷ ಮುಂದುವರಿಸಿದರು.

ಬಾಯಾರು ದಡ್ಡರಲ್ಲ. ಏನಾಯಿತೆಂಬುದು ಅವರಿಗೆ ತಿಳಿಯಿತು. ಅಂದು ಸಂಜೆಯ ಬಸ್ಸು ಬರುವವರೆಗೂ ಚಂಪಾಬಾಯಿಯ ಚಪ್ಪರದ ಕೆಳಗೆ ಕೂತು ಎಲ್ಲವನ್ನೂ ಕೇಳಿದರು, ನೀರಿನ ಪಾಳಿಯ ಕಥೆಯನ್ನು ಎರಡು ಸಲ ಹೇಳಿಸಿದರು, "ತಪ್ಪು ನಂದೇರಿ" ಎಂದರು. ತಿಳಿದದ್ದನ್ನು ಅವರು ಸುಮ್ಮನೆ ಇಟ್ಟುಕೊಳ್ಳುವವರಲ್ಲ, ಕಲಿಸುವವರು. ಮುಂದಿನ ತಿಂಗಳು, ಅವರು ಉಮರಗಾದಲ್ಲಿ ನಡೆಸುತ್ತಿದ್ದ ಇನ್ನೊಂದು ವರ್ಗದಲ್ಲಿ ಸಲಿಗೆಯ ಬೈಗುಳ ಎಂಬ ಹೊಸ ಪಾಠ ಸೇರಿತು. ಹೆಂಗಸರನ್ನು ಜೋಡಿ ಜೋಡಿಯಾಗಿ ಕೂಡಿಸಿ, ಪಾಳಿಯ ಪ್ರಕಾರ ಬೈಯಲು ಹೇಳಿ, ಆದ ಮೇಲೆ ಚಪ್ಪಾಳೆ ತಟ್ಟಿಸಿದರು. ಒಂದು ಜೋಡಿ, "ನೀವು ಮುಂಡಿ ಇದ್ದೀರಿ", "ಇಲ್ರಿ, ನೀವೇ ಇದ್ದೀರಿ" ಎಂದು ಬಹಳ ಹೊತ್ತು ಮರ್ಯಾದೆಯಿಂದ ನಡೆಸಿತು. ಇನ್ನೊಂದು ಜೋಡಿ ನಿಜಕ್ಕೂ ಕೂದಲು ಹಿಡಿದುಕೊಂಡಿತು. ಪಾಠವನ್ನು ಕೈಬಿಟ್ಟರು.

ಹೊಸ ಊರಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ವರ್ಗವಿಲ್ಲದ ದಿನವೂ ಬಂದು ಚಪ್ಪರದ ಕೆಳಗೆ, ಆ ಇಬ್ಬರ ಹತ್ತಿರ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವರು. ಇಬ್ಬರೂ ಬೈದಾಡುವುದನ್ನು ಉದಗೀರದ ಕಿಟಕಿಯಿಂದ ಕುಂಟಾಬಿಲ್ಲೆ ನೋಡಿದಂತೆ ನೋಡುವರು. ಈಗ ಮಾತ್ರ ಯಾರು ಗೆರೆ ತುಳಿದರೆಂದು ಹೇಳುತ್ತಿರಲಿಲ್ಲ. ಅವರಿಗೆ ಏನು ಬೇಕೆಂಬುದು ಚಂಪಾಬಾಯಿಗೆ ತಿಳಿಯುತ್ತಿತ್ತು. ದ್ರೌಪದಿಗೂ ಕನಿಕರ ಹುಟ್ಟಿ ಒಮ್ಮೆ ಪ್ರಯತ್ನಪಟ್ಟಳು.

"ಏ ಬಾ..." ಎಂದು ಗಟ್ಟಿಯಾಗಿ ಶುರುಮಾಡಿ, "...ಯಾರ, ಚಾ ಕುಡೀರಿ" ಎಂದು ಮುಗಿಸಿದಳು.

"ಧನ್ಯವಾದರಿ," ಎಂದರು ಬಾಯಾರು.

ಮೂವರೂ ಚಹಾ ಕುಡಿದರು. ಚಂಪಾಬಾಯಿ ಹೇಳಿದಳು, "ಮುಚ್ಚಿದ ಗುಡಿ ಬಾಗಿಲರೆ ತೆರೀಬಹುದು, ಈಕಿ ಧನ್ಯವಾದದ ಬಾಗಿಲು ತೆರ್ಯಾಕ ಆಗಂಗಿಲ್ಲ." ಬಾಯಾರು ಹೋದ ಮೇಲೆ ಹೇಳಿದಳು, ಅವರ ಎದುರಿಗೆ ಅಲ್ಲ. ಅದೇ ತೊಂದರೆಯಾಗಿತ್ತು.

ವರ್ಷಗಳು ಹೋದವು. ಬೇವಿನ ಸಸಿ ಮರವಾಯಿತು. ಸಂಸ್ಥೆ ಪುಣೆಗೆ ತಿರುಗಿ ಹೋಯಿತು. ಬಾಯಾರು ತಾವಾಗಿಯೇ ನಿಲಂಗಾ, ಉದಗೀರ, ಮಾಕಣಿಯ ಕಡೆಯ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಗೆಳೆತನ ಕಲಿಸಿದರು. ಅವರ ಕೈಕೆಳಗೆ ಕಲಿತ ಹುಡುಗಿಯರು ಈಗ ಬೇರೆಯವರಿಗೆ ಕಲಿಸುತ್ತಿದ್ದರು. ಅಷ್ಟು ಊರುಗಳಲ್ಲಿ ಅಷ್ಟು ಜನರನ್ನು ಜೋಡಿ ಮಾಡಿದ ಬಾಯಾರಿಗೆ ಎಲ್ಲಿ ಹೋದರೂ ಮೊದಲ ಸಾಲಿನ ಕುರ್ಚಿ ಕಾದಿರುತ್ತಿತ್ತು. ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು, ಮರ್ಯಾದೆಗಾಗಿ.

ಗುರುಶಾಂತ ಅವರು ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲಿಯೇ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡರು. ಸುದ್ದಿ ಕೇಳಿ ಚಂಪಾಬಾಯಿ ಮತ್ತು ದ್ರೌಪದಿ ಕಿಟಕಿ ಪಕ್ಕದ ಸೀಟಿಗಾಗಿ ದಾರಿಯುದ್ದಕ್ಕೂ ಬೈದಾಡುತ್ತ ನಿಲಂಗಾಕ್ಕೆ ಹೋದರು.

ಮನೆ ತುಂಬ ಜನ. ಮೂರು ತಾಲೂಕಿನವರು ಬಂದಿದ್ದರು. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಬಾಯಾರು ಕುಂಕುಮ ಅಳಿಸಿ ವಿಭೂತಿ ಹಚ್ಚಿದ ಹಣೆಯಲ್ಲಿ ಎದ್ದು ಎದ್ದು ಬಂದವರಿಗೆ ಚಾಪೆ ತೋರಿಸುತ್ತ, ಬಂದಿದ್ದಕ್ಕೆ ಧನ್ಯವಾದ ಹೇಳುತ್ತಿದ್ದರು. ಅವರೇ ತಯಾರು ಮಾಡಿದ ಒಬ್ಬ ಹುಡುಗಿ ಪಕ್ಕದಲ್ಲಿ ಕೂತು, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅವರು ಕಲಿಸಿದ ದನಿಯಲ್ಲಿಯೇ, "ಮನಸ್ಸಿಗಿ ಹ್ಯಾಂಗ ಅನಸ್ಲತ್ತದ, ಹೇಳ್ರಿ ಮೇಡಂ" ಎಂದು ಕೇಳಿದಳು. ಬಾಯಾರು ಅವಳ ಮುಖ ನೋಡಿ, "ಚಂದ ಕೇಳಿದಿರಿ" ಎಂದು ಮೆಚ್ಚಿದರು.

ಮೂಲೆಯಲ್ಲಿದ್ದ ಚಂಪಾಬಾಯಿಗೆ ನೀರಿನ ಪಾಳಿ ನೆನಪಾಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಮೂರು ತಾಲೂಕಿನ ಜನ ಕೂತಿದ್ದರು, ಬಾಯಾರು ಎಷ್ಟೆಂದರೂ ಬಾಯಾರು. ದ್ರೌಪದಿ ಅವಳನ್ನು ಮೊಣಕೈಯಿಂದ ತಿವಿದಳು. "ಅನ್ನು ಬೇ." "ನೀನೇ ಅನ್ನು." ಇಬ್ಬರೂ ಅನ್ನಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಬಾಯಾರು ಕಳಿಸಲು ಬಂದರು. ಆ ಸ್ಥಿತಿಯಲ್ಲಿ ಮನೆಯ ಹೊಸಿಲು ದಾಟಬಾರದೆಂದು ಅವರ ಅಣ್ಣ ಹೇಳಿದರೂ ಕೇಳಲಿಲ್ಲ. ಆ ಅಣ್ಣ ಅವರನ್ನು ಉದಗೀರಕ್ಕೆ ಕರೆದುಕೊಂಡು ಹೋಗುವವನಿದ್ದ, ಹೋದನು ಕೂಡ. ಚಂಪಾಬಾಯಿಗೆ ಅವರು ಮತ್ತೆ ಕಾಣಲಿಲ್ಲ.

ದ್ರೌಪದಿ ಮೊದಲೇ ಹತ್ತಿ ಕಿಟಕಿಯ ಸೀಟು ಹಿಡಿದಿದ್ದಳು. ಡ್ರೈವರ್ ಗಾಡಿ ಚಾಲೂ ಮಾಡಿದ. ಚಂಪಾಬಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಬಾಯಾರು ಬಂದು ಅವಳ ಸೆರಗಿನ ತುದಿ ಹಿಡಿದುಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಯಾರದೂ ಸೆರಗು ಹಿಡಿದು ಎಳೆದವರಲ್ಲ, ಯಾರ ಹೆಸರಿನ ಕೊನೆಯ ಬಾಯಿ ಎಂಬುದನ್ನೂ ಬಿಟ್ಟು ಕರೆದವರಲ್ಲ.

"ಚಂಪಾ," ಎಂದರು, "ಈಗ ಆ ಹೆಸರು ನನಗೂ ಒಪ್ತದಲ್ಲಾ. ಒಂದ್ಸಲ ಕರೀತೀಯೇನು?"